ಸಾಸಿವೆ ಕತ್ತರಿಸಿದ ಹವಳದ ಗಂಟೆ

ನಾನು ಹಲ್ಲು ಮಾಡುವವಳು. ಹೀಗೆಂದ ತಕ್ಷಣ ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಾರೆ. ನನ್ನ ಹಲ್ಲು ನನ್ನವೇ, ಅವು ಗಟ್ಟಿಯಾಗಿಯೂ ಇವೆ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ ಒಂದು ಉದ್ದನೆಯ ಕೋಣೆಯಿದೆ. ಡಾಕ್ಟರು ರೋಗಿಯ ಬಾಯಿಂದ ಅಚ್ಚು ತೆಗೆದು ಅಲ್ಲಿಗೆ ಕಳಿಸುತ್ತಾರೆ. ನಾನು ಅದಕ್ಕೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಹಲ್ಲು ಜೋಡಿಸಿ, ಒಸಡಿನ ಬಣ್ಣದ ಪುಡಿ ಕಲಸಿ ತುಂಬಿ, ಬಿಸಿನೀರಿನಲ್ಲಿ ಬೇಯಿಸಿ, ಉಜ್ಜಿ ಹೊಳಪು ಕೊಟ್ಟು ವಾಪಸು ಕಳಿಸುತ್ತೇನೆ. ಈ ಊರಿನ ಎಷ್ಟೋ ಮುದುಕರು ನನ್ನ ಕೈಯ ಹಲ್ಲಿನಿಂದ ನಗುತ್ತಾರೆ, ಅದೇ ಹಲ್ಲಿನಿಂದ ಸೊಸೆಯಂದಿರ ಮೇಲೆ ಜಗಳಕ್ಕೂ ಹೋಗುತ್ತಾರೆ. ಅವರ ಮುಖ ನಾನು ನೋಡಿಲ್ಲ, ಬಾಯಿ ಮಾತ್ರ ಗೊತ್ತು.

ಹವಳದ ಗಂಟೆಯ ಹುಚ್ಚು ನನಗೆ ಹತ್ತಿದ್ದು ಆ ಒಸಡಿನ ಪುಡಿಯಿಂದಲೇ. ಒಮ್ಮೆ ನರ್ಸರಿಗೆ ಖಾಲಿ ಕುಂಡ ತರಲು ಹೋಗಿದ್ದೆ. ನೆರಳಿನ ಮೂಲೆಯಲ್ಲಿ ಒಂದು ಗಿಡ, ತಂತಿಯಷ್ಟು ತೆಳ್ಳಗಿನ ದಂಟುಗಳ ತುಂಬ ಅಕ್ಕಿಕಾಳಿನಷ್ಟು ಚಿಕ್ಕ ಗಂಟೆಗಳನ್ನು ತೂಗಿಕೊಂಡು ನಿಂತಿತ್ತು. ಬಣ್ಣ ನೋಡಿದರೆ ನನ್ನ ಡಬ್ಬಿಯ ಪುಡಿಯೇ. ಅಲ್ಲೇ ಜೋರಾಗಿ ನಕ್ಕುಬಿಟ್ಟೆ. ನರ್ಸರಿಯವನು ಬೆಚ್ಚಿ, “ಕೋರಲ್ ಬೆಲ್ಸ್ ಅಂತಾರೆ ಮೇಡಂ. ಜನ ಇದನ್ನ ಹೂವಿಗಿಂತ ಎಲೆಗೆ ಅಂತಲೇ ತಗೊಂಡ್ಹೋಗ್ತಾರೆ,” ಎಂದ. ಕುಂಡಕ್ಕೆ ಹೋದವಳು ಗಿಡ ಎತ್ತಿಕೊಂಡು ಬಂದೆ. ಆ ಇಂಗ್ಲಿಷ್ ಹೆಸರು ಮನೆಯಲ್ಲಿ ಯಾರ ನಾಲಿಗೆಗೂ ಒಗ್ಗಲಿಲ್ಲ, ಹವಳದ ಗಂಟೆ ಎಂದೇ ಆಯಿತು.

ನಮ್ಮ ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಒಬ್ಬರು ಮೈ ಓರೆ ಮಾಡಿಕೊಂಡು ನಡೆಯುವಷ್ಟು ಜಾಗ. ಬೆಳಗಿನ ಬಿಸಿಲು ಅಲ್ಲಿಗೆ ನೆಂಟರ ಹಾಗೆ ಬಂದು ಮುಖ ತೋರಿಸಿ ಹೋಗುತ್ತದೆ. ಗುಲಾಬಿ ಇಟ್ಟೆ, ಸತ್ತಿತು. ಸೇವಂತಿಗೆ ಇಟ್ಟೆ, ಅದೂ ಕೈಕೊಟ್ಟಿತು. ಹವಳದ ಗಂಟೆ ಮಾತ್ರ ತವರಿಗೆ ಬಂದವಳ ಹಾಗೆ ಕಾಲು ಚಾಚಿ ಕೂತಿತು. ಆಮೇಲೆ ದ್ರಾಕ್ಷಿ ಬಣ್ಣದ ಎಲೆಯದೊಂದು ಬಂತು, ಎಳೆ ನಿಂಬೆಯ ಬಣ್ಣದ್ದು ಬಂತು, ಬೆಳ್ಳಿ ಗೆರೆಯದು ಬಂತು. ಸುಟ್ಟ ಸಕ್ಕರೆಯ ಬಣ್ಣದ್ದೊಂದು ಬಂದು ಎಲ್ಲವನ್ನೂ ಮೀರಿಸಿ ಬೆಳೆಯಿತು.

ಇದರ ಆರೈಕೆ ದೊಡ್ಡ ವಿದ್ಯೆಯೇನಲ್ಲ. ಬುಡದಲ್ಲಿ ನೀರು ನಿಲ್ಲಬಾರದು, ನಿಂತರೆ ಕೊಳೆಯುತ್ತದೆ. ನಮ್ಮದು ಬೆಟ್ಟದ ಮೇಲಿನ ಊರು, ಚಳಿಗಾಲದಲ್ಲಿ ಮಣ್ಣು ರಾತ್ರಿ ಹೆಪ್ಪುಗಟ್ಟಿ ಹಗಲು ಸಡಿಲವಾಗುವಾಗ ಗಿಡ ತಾನಾಗಿ ಮೇಲೆದ್ದು ಬರುತ್ತದೆ, ಆಗ ಬೆರಳಿನಿಂದ ಒತ್ತಿ ಮತ್ತೆ ಕೂರಿಸಬೇಕು. ಒಂದು ಮಾತು ಮಾತ್ರ ಮರೆಯಬಾರದು. ಚಳಿಗೆ ಮುಂಚೆ ಹಳೆಯ ಎಲೆಗಳನ್ನು ಮುಟ್ಟಬಾರದು. ಅವು ಸೊರಗಿ ಹರಿದು ನೋಡಲು ಗಲೀಜಾಗಿದ್ದರೂ ಬಿಡಬೇಕು, ಏಕೆಂದರೆ ಬುಡಕ್ಕೆ ಇರುವ ಹೊದಿಕೆ ಅದೊಂದೇ.

ಮನೆಯಲ್ಲಿ ಆಗ ನಾವು ಮೂವರು. ಇವರು ನೀರಿನ ಮೀಟರ್ ಓದುವವರು. ಊರಿನ ನಲ್ಲಿಗಳ ಜಾತಕವೆಲ್ಲ ಇವರ ಬಾಯಲ್ಲಿದೆ, ನಮ್ಮ ಬಚ್ಚಲಿನ ನಲ್ಲಿ ಸೋರುವುದು ಮಾತ್ರ ಕಣ್ಣಿಗೆ ಬೀಳುತ್ತಿರಲಿಲ್ಲ. ಮೂರನೆಯವಳು ಸಾಸಿವೆ. ಹುಟ್ಟಿದಾಗ ಅಷ್ಟೇ ಇದ್ದಳು, ಅದಕ್ಕೇ ಇವರು ಆ ಹೆಸರಿಟ್ಟರು. ಆಗಲೇ ಶಾಲೆಗೆ ಹೋಗುತ್ತಿದ್ದಳು. ನನ್ನ ಹಾಗೇ ಮಾತಿನ ಮಲ್ಲಿ, ನನ್ನ ಹಾಗೇ ಸಿಟ್ಟು ಮೂಗಿನ ತುದಿಯಲ್ಲಿ. ನನ್ನನ್ನು ಅಮ್ಮ ಎನ್ನುತ್ತಿದ್ದಳು. ಹೆತ್ತವಳು ನಾನಲ್ಲ.

ಹೆತ್ತವಳು ನನ್ನ ತಂಗಿ. ಹೆರಿಗೆಯಾದ ಮೇಲೆ ಅವಳ ಮನಸ್ಸು ಕೆಟ್ಟಿತು. ಮಗುವನ್ನು ನೋಡಿದರೆ ಗೋಡೆಯ ಕಡೆ ತಿರುಗುತ್ತಿದ್ದಳು. ಗಂಡನೆನಿಸಿಕೊಂಡವನು ಸ್ವಲ್ಪ ದಿನ ತಡೆದು, ಆಮೇಲೆ ಹೇಳದೆ ಕೇಳದೆ ಕಾಲು ಕಿತ್ತ. ಆಸ್ಪತ್ರೆಗೆ ಸೇರಿಸುವ ದಿನ ತಂಗಿ ನನ್ನ ಕೈ ಹಿಡಿದು, “ಅಕ್ಕಾ, ಇವಳನ್ನ ನೀನೇ ಇಟ್ಕೋ. ನಾನು ಸರಿಹೋಗೋ ತನಕ ನನ್ನನ್ನ ಚಿಕ್ಕಮ್ಮ ಅಂತಲೇ ಹೇಳು. ಇಂಥವಳು ತನ್ನಮ್ಮ ಅಂತ ಅವಳಿಗೆ ಗೊತ್ತಾಗೋದು ಬೇಡ,” ಎಂದಳು. ನಮಗೆ ಮಕ್ಕಳಿರಲಿಲ್ಲ. ನಾನು ಮಗುವನ್ನು ಎತ್ತಿಕೊಂಡು ಬಂದೆ. ಸತ್ಯ ಹೇಳಬೇಕೆಂದರೆ, ಅಳುತ್ತಲೇ ಬಂದೆ, ಆದರೆ ಒಳಗೊಳಗೇ ಕುಣಿಯುತ್ತಿದ್ದೆ.

ತಂಗಿ ಗುಣವಾಗಲು ವರ್ಷಗಳೇ ಹಿಡಿದವು. ಸ್ವಲ್ಪ ಏಳುತ್ತಿದ್ದಳು, ಮತ್ತೆ ಬೀಳುತ್ತಿದ್ದಳು. ಎದ್ದಾಗ ನಮ್ಮ ಮನೆಗೆ ಬಂದು, ಸಾಸಿವೆಗೆ ಬಣ್ಣದ ಪೆನ್ಸಿಲ್ ಕೊಟ್ಟು, ಸೋಫಾದ ತುದಿಯಲ್ಲಿ ಕೂತು ಟೀ ಕುಡಿದು ಹೋಗುವಳು. ಮಗು “ಚಿಕ್ಕಮ್ಮಾ, ಟಾಟಾ” ಎಂದರೆ ಗೇಟಿನ ತನಕ ಹಿಂತಿರುಗಿ ನೋಡದೆ ನಡೆಯುವಳು. ಆಮೇಲೆ ಒಂದು ಕನ್ನಡಕದ ಅಂಗಡಿಯಲ್ಲಿ ಕೆಲಸ ಹಿಡಿದಳು. ಹಿತ್ತಿಲಿದ್ದ ಪುಟ್ಟ ಮನೆಯೊಂದನ್ನು ಬಾಡಿಗೆಗೆ ತೆಗೆದುಕೊಂಡಳು. ಮಾತ್ರೆಗಳು ಒಂದೊಂದಾಗಿ ನಿಂತವು. ಮೈ ತುಂಬಿಕೊಂಡಳು. ನಾನು ಎಲ್ಲರೆದುರು ಖುಷಿಪಟ್ಟೆ. ಖುಷಿ ಸುಳ್ಳೂ ಅಲ್ಲ. ಆದರೆ ಅವಳ ಕೆನ್ನೆಗೆ ಬಣ್ಣ ಬಂದಷ್ಟೂ ನನ್ನ ಹೊಟ್ಟೆಯಲ್ಲಿ ಕಲ್ಲು ಬೆಳೆಯುತ್ತಿತ್ತು.

ಕೊನೆಗೆ ಒಂದು ಸಂಜೆ ಅಡುಗೆಮನೆಯಲ್ಲಿ, ನಾನು ಪಾತ್ರೆ ತೊಳೆಯುತ್ತಿದ್ದಾಗ, ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಕೇಳಿಯೇಬಿಟ್ಟಳು. “ಅಕ್ಕಾ, ಅವಳು ನನ್ನ ಜೊತೆ ಇರಬಹುದಾ? ನೀನು ಬೇಡ ಅಂದ್ರೆ ಇನ್ನು ಯಾವತ್ತೂ ಕೇಳಲ್ಲ. ನಿನ್ನ ಮೇಲಾಣೆ.”

ಬೇಡ ಎನ್ನುವ ಮಾತು ನನ್ನ ನಾಲಿಗೆಯ ಮೇಲೇ ಇತ್ತು. ಅಂದಿದ್ದರೆ ಅವಳು ತುಟಿ ಪಿಟಕ್ಕೆನ್ನದೆ ಹೋಗುತ್ತಿದ್ದಳು. ಆದರೆ ಆಸ್ಪತ್ರೆಯಲ್ಲಿ ಅವಳು ದಿಂಬನ್ನು ಎದೆಗವಚಿಕೊಂಡು ತೂಗುತ್ತಿದ್ದುದನ್ನು ನಾನು ಬಾಗಿಲ ಸಂದಿನಿಂದ ನೋಡಿದ್ದೇನೆ. ಆ ಹೆಂಗಸು ಸಾಯದೆ ಎದ್ದು ಬಂದದ್ದು ಈ ಮಗುವಿಗಾಗಿ. “ನಿನ್ನ ಮಗಳು, ನನ್ನನ್ನೇನು ಕೇಳ್ತೀಯ?” ಎಂದು ರೇಗಿದೆ. ನನಗೆ ಅಳು ಬರುವಾಗೆಲ್ಲ ಸಿಟ್ಟೇ ಮೊದಲು ಬರುತ್ತದೆ. ತಂಗಿಗೆ ಅದು ಗೊತ್ತು. ಬಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಿಂತಳು.

ಕೊಡುವುದೆಂದು ಆಯಿತು. ಹೇಗೆ ಕೊಡುವುದು? ಈ ವಿಷಯದಲ್ಲಿ ನನ್ನ ಕಸುಬಿನ ಬುದ್ಧಿ ಓಡಿತು. ನಮ್ಮ ಡಾಕ್ಟರು ಹೊಸ ಹಲ್ಲಿನ ಸೆಟ್ಟು ಕೊಡುವಾಗ ಹೇಳುವುದು ಗೋಡೆಯಾಚೆಯಿಂದ ಕೇಳಿ ಕೇಳಿ ನನಗೆ ಬಾಯಿಪಾಠ. ಮೊದಲು ಸ್ವಲ್ಪ ಹೊತ್ತು ಹಾಕ್ಕೊಳ್ಳಿ, ಆಮೇಲೆ ಅರ್ಧ ದಿನ, ಹಾಗೇ ಜಾಸ್ತಿ ಮಾಡ್ತಾ ಹೋಗಿ, ಒಸಡು ನೋಯದ ಹಾಗೆ ಅಭ್ಯಾಸ ಆಗುತ್ತೆ. ಮಗುವಿಗೂ ಅದನ್ನೇ ಮಾಡೋಣ ಎಂದೆ. ಮೊದಲು ಭಾನುವಾರ ಒಂದು ಟೀ ಕುಡಿಯುವಷ್ಟು ಹೊತ್ತು ಚಿಕ್ಕಮ್ಮನ ಮನೆ. ಆಮೇಲೆ ಮಧ್ಯಾಹ್ನ ಪೂರ್ತಿ. ಆಮೇಲೆ ಒಂದು ರಾತ್ರಿ, ಎರಡು ರಾತ್ರಿ. ಅವಳು ಅಲ್ಲಿಗೆ ಹೊಂದಿಕೊಂಡ ಮೇಲೆ ನಿಜ ಹೇಳಿದರಾಯಿತು.

“ಮಗು ಒಸಡಲ್ಲ ಕಣೇ,” ಎಂದರು ಇವರು.

“ನಿಮಗೆ ಮೀಟರ್ ಓದೋದು ಬಿಟ್ರೆ ಇನ್ನೇನು ಗೊತ್ತು? ಒಂದೇ ಸಲ ಎತ್ತಿಕೊಟ್ಟು ಬರ್ಲಾ? ಹೇಳಿ, ಕೊಟ್ಟು ಬರ್ತೀನಿ.”

ಅವರು ಮೀಟರಿನ ಪುಸ್ತಕ ಎತ್ತಿಕೊಂಡು ಹೊರಟರು. ತಂಗಿಯಂತೂ ನಾನು ಬಾವಿಗೆ ಬೀಳೆಂದರೂ ಬೀಳುವ ಸ್ಥಿತಿಯಲ್ಲಿದ್ದಳು. ಹೀಗೆ ಮೂವರು ದೊಡ್ಡವರು ಸೇರಿ, ಒಂದು ಮಗುವಿಗೆ ಹಲ್ಲಿನ ಸೆಟ್ಟಿನ ಲೆಕ್ಕ ಹಚ್ಚಿದೆವು.

ಅದೇ ವಾರ ಸಾಸಿವೆಯ ಶಾಲೆಯಲ್ಲಿ ಫೋಟೋ ತೆಗೆಯುವವರಿದ್ದರು. ಇವರು ಅವಳನ್ನು ಸಲೂನಿಗೆ ಕರೆದುಕೊಂಡು ಹೋಗಿ ಕೂದಲು ಕತ್ತರಿಸಿಕೊಂಡು ಬಂದರು. ತನ್ನ ಚಂದ ನೋಡಿಕೊಂಡದ್ದು ಸಾಲದೆ ಅವಳು ಕತ್ತರಿ ಹಿಡಿದು ಗೋಡೆಯ ಪಕ್ಕಕ್ಕೆ ಹೋಗಿದ್ದಾಳೆ. ನಾನು ಕೆಲಸದಿಂದ ಬಂದು ನೋಡುತ್ತೇನೆ, ಸುಟ್ಟ ಸಕ್ಕರೆಯ ಗಿಡ ಬೋಳು! ಒಂದೇ ಒಂದು ಎಲೆ ಉಳಿಸಿರಲಿಲ್ಲ. ಕತ್ತರಿಸಿದ್ದನ್ನೆಲ್ಲ ಒಂದು ಬಕೆಟ್ಟಿಗೆ ತುಂಬಿಟ್ಟು, “ಎಲ್ಲಾ ಹಾಳಾಗಿತ್ತಮ್ಮ. ಈಗ ನೀಟಾಯ್ತು ನೋಡು,” ಎಂದು ಹಲ್ಲು ಬಿಟ್ಟಳು.

ಚಳಿ ಬಾಗಿಲಿಗೆ ಬಂದು ನಿಂತಿತ್ತು. ನನಗೆ ಎಲ್ಲಿತ್ತೋ ಕೋಪ. “ಅಯ್ಯೋ ಪಾಪಿ, ಕೊಂದೇಬಿಟ್ಟೆಯಲ್ಲೇ! ಚಳೀಲಿ ಇನ್ನಿದು ಉಳಿಯುತ್ತಾ? ಇನ್ನೇನು ಚಿಗುರೋದು, ಮಣ್ಣು!” ಎಂದು ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಇದೇನೂ ಹೊಸದಲ್ಲ. ಹಾಲು ಚೆಲ್ಲಿದರೂ ನಾನು ಅಷ್ಟೇ ಕೂಗುತ್ತಿದ್ದೆ, ಅವಳೂ ತಿರುಗಿಸಿ ಕೂಗುತ್ತಿದ್ದಳು, ಅರ್ಧ ಗಂಟೆಯಲ್ಲಿ ಇಬ್ಬರೂ ಒಂದೇ ತಟ್ಟೆಯಲ್ಲಿ ತಿನ್ನುತ್ತಿದ್ದೆವು. ಆ ದಿನವೂ ಹಾಗೇ ಆಯಿತು. ನಾನು ಮರೆತುಬಿಟ್ಟೆ.

ಆ ಭಾನುವಾರ ಅವಳನ್ನು ಮೊದಲ ಸಲ ಚಿಕ್ಕಮ್ಮನ ಮನೆಗೆ ಕಳಿಸಿದೆವು.

ಅಲ್ಲಿಂದ ಬಂದವಳು ಚಪ್ಪಲಿ ಕೂಡ ಬಿಚ್ಚದೆ ಸೀದಾ ಗಿಡದ ಹತ್ತಿರ ಹೋದಳು. ಬೋಳು ಬುಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು, “ಅಮ್ಮಾ, ಇದು ಬದುಕೋಕೆ ಏನು ಮಾಡ್ಬೇಕು?” ಎಂದು ಕೇಳಿದಳು. ನನಗೆ ಹೆಮ್ಮೆಯಾಯಿತು. ಒಣಗಿದ ಎಲೆ ಸುತ್ತಲೂ ಹರಡಬೇಕು, ಬುಡದ ನೆತ್ತಿಯ ಮೇಲೆ ಹೇರಬಾರದು, ನೀರು ಹಿತಮಿತವಾಗಿ ಹಾಕಬೇಕು ಎಂದೆಲ್ಲ ಹೇಳಿಕೊಟ್ಟೆ. ಅವಳು ಪಾರ್ಕಿನಿಂದ ಚೀಲಗಟ್ಟಲೆ ಒಣಗಿದ ಎಲೆ ತಂದಳು. ಮಣ್ಣು ಹೆಪ್ಪುಗಟ್ಟಿದ ಬೆಳಗುಗಳಲ್ಲಿ ಶಾಲೆಯ ಸಮವಸ್ತ್ರದಲ್ಲೇ ಹೋಗಿ, ಗಿಡ ಎದ್ದಿದೆಯೇ ಎಂದು ನೋಡಿ, ಎದ್ದಿದ್ದರೆ ಬೆರಳು ಕೆಂಪಾಗುವ ತನಕ ಒತ್ತಿ ಬರುತ್ತಿದ್ದಳು. ಇವರ ಹಳೆಯ ಟೋಪಿಯೊಂದನ್ನು ಅದಕ್ಕೆ ಮುಚ್ಚಿದ್ದಳು. ನಾವು ನಕ್ಕೆವು.

ಅತ್ತ ನನ್ನ ಯೋಜನೆಯೂ ನಡೆಯುತ್ತಿತ್ತು. ಟೀ ಹೊತ್ತು ಹೋಗಿ ಮಧ್ಯಾಹ್ನವಾಯಿತು, ಮಧ್ಯಾಹ್ನ ಹೋಗಿ ರಾತ್ರಿಯಾಯಿತು. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಬ್ಯಾಗು ತಾನೇ ತುಂಬಿಕೊಳ್ಳುವಳು. ಚಿಕ್ಕಮ್ಮ ಹಾಕಿದ್ದನ್ನು ತಿನ್ನುವಳಂತೆ, ಹೇಳಿದ ಕಡೆ ಮಲಗುವಳಂತೆ. “ಎಷ್ಟು ಒಳ್ಳೇ ಮಗು ಅಕ್ಕಾ, ಒಂದು ಮಾತಿಗೂ ಎದುರಾಡಲ್ಲ,” ಎಂದು ತಂಗಿ ಫೋನಿನಲ್ಲಿ ಹೇಳಿದಾಗ ನನಗೆ ಎಚ್ಚರವಾಗಬೇಕಿತ್ತು. ಎದುರಾಡದ ಸಾಸಿವೆಯನ್ನು ಯಾರು ನೋಡಿದ್ದಾರೆ? ನಾನು ಮಾತ್ರ, ನೋಡಿ, ನನ್ನ ಲೆಕ್ಕ ಸರಿಹೋಯಿತು ಎಂದು ಇವರ ಮುಂದೆ ಬೀಗಿದೆ. ಬೀಗಿ, ಬಚ್ಚಲಿಗೆ ಹೋಗಿ ಅತ್ತೆ. ಅವಳು ಅಷ್ಟು ಸುಲಭವಾಗಿ ಹೋಗುತ್ತಿದ್ದಾಳಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಚಳಿ ಕಳೆಯಿತು. ಉಳಿದ ಹವಳದ ಗಂಟೆಗಳೆಲ್ಲ ಹಳೆಯ ಎಲೆಗಳ ನಡುವೆ ಕಣ್ಣು ಬಿಟ್ಟವು. ಸುಟ್ಟ ಸಕ್ಕರೆಯದು ಮಾತ್ರ ಸುಮ್ಮನಿತ್ತು. ಕಿತ್ತೆಸೆದು ಆ ಜಾಗದಲ್ಲಿ ಬೇರೆ ನೆಡೋಣ ಎಂದು ನಾನು ಒಮ್ಮೆ ಅಂದದ್ದಕ್ಕೆ ಸಾಸಿವೆ ಬಿಳಿಚಿಕೊಂಡು ಹೋದಳು. “ಇನ್ನೊಂದು ಸ್ವಲ್ಪ ದಿನ ಇರ್ಲಿ ಅಮ್ಮ, ಪ್ಲೀಸ್,” ಎಂದು ನನ್ನ ಸೆರಗು ಹಿಡಿದು ಗೋಗರೆದಳು. ಬಿಟ್ಟೆ.

ಆ ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಹೊರಗಿನಿಂದ ಕಿರುಚಾಟ ಕೇಳಿತು. ಓಡಿ ಹೋದರೆ ಅವಳು ಮಣ್ಣಿನಲ್ಲಿ ಮಂಡಿಯೂರಿ ಚಪ್ಪಾಳೆ ತಟ್ಟುತ್ತಿದ್ದಾಳೆ. ಬುಡದ ಪಕ್ಕದಲ್ಲಿ, ಒಣಗಿದ ಕೊರಡಿನಂಥ ಜಾಗದಿಂದ, ಕೂಸಿನ ಕಿವಿಯಷ್ಟು ಚಿಕ್ಕದಾಗಿ, ಸುಕ್ಕು ಸುಕ್ಕಾಗಿ ಎರಡು ಎಲೆ ಎದ್ದಿದ್ದವು. ಸುಟ್ಟ ಸಕ್ಕರೆಯದೇ ಬಣ್ಣ.

“ಬಂತು! ಅಮ್ಮಾ, ಬಂತು! ಸತ್ತಿಲ್ಲ, ನಾನು ಕೊಂದಿಲ್ಲ!” ಎಂದು ನನ್ನ ಸೊಂಟ ತಬ್ಬಿಕೊಂಡಳು. ಆಮೇಲೆ ಮುಖ ಮೇಲೆತ್ತಿ ಕೇಳಿದಳು, “ಇನ್ನು ನಾನು ಚಿಕ್ಕಮ್ಮನ ಮನೆಗೆ ಹೋಗ್ಬೇಕಾಗಿಲ್ಲ, ಅಲ್ವಾ?”

ನನಗೆ ಮೊದಲು ಅರ್ಥವಾಗಲಿಲ್ಲ. “ಅದಕ್ಕೂ ಇದಕ್ಕೂ ಏನೇ?” ಎಂದೆ.

“ಎಲೆ ಕತ್ತರಿಸಿದ್ದಕ್ಕೆ ತಾನೆ ಕಳಿಸಿದ್ದು? ಮೊದಲು ಸ್ವಲ್ಪ ಹೊತ್ತು ಕಳಿಸಿದ್ರಿ. ಗಿಡ ಚಿಗುರಲಿಲ್ಲ ಅಂತ ಜಾಸ್ತಿ ಜಾಸ್ತಿ ಮಾಡಿದ್ರಿ. ಈಗ ಚಿಗುರಿದೆ ನೋಡು. ನಾನೇ ಬದುಕಿಸಿದ್ದು.”

ಇಡೀ ಚಳಿಗಾಲ ಈ ಮಗು ಶಿಕ್ಷೆ ಅನುಭವಿಸಿತ್ತು. ನಾನು ಅಭ್ಯಾಸವೆಂದು ಅಳೆದು ಅಳೆದು ಹೆಚ್ಚಿಸಿದ್ದನ್ನು ಅವಳು ಶಿಕ್ಷೆ ಹೆಚ್ಚಾಯಿತೆಂದು ಲೆಕ್ಕ ಹಾಕಿದ್ದಳು. ಎದುರಾಡಿದರೆ ಇನ್ನೂ ಹೆಚ್ಚೀತೆಂದು ಬಾಯಿ ಮುಚ್ಚಿಕೊಂಡಿದ್ದಳು. ಹೆಪ್ಪುಗಟ್ಟಿದ ಮಣ್ಣನ್ನು ಒತ್ತಿದ್ದು ಗಿಡದ ಆಸೆಗಲ್ಲ. ನಮ್ಮ ಮನೆಯಲ್ಲೇ ಉಳಿಯುವ ಆಸೆಗೆ.

ಹೌದು ಕಂದ, ಇನ್ನು ಹೋಗಬೇಡ ಎಂದುಬಿಡಬಹುದಿತ್ತು. ಆ ಗಳಿಗೆಯಲ್ಲಿ ಅಷ್ಟನ್ನೇ ಹೇಳಬೇಕೆಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ಆದರೆ ಅತ್ತ ತಂಗಿ ಮಗುವಿನ ಮಂಚಕ್ಕೆ ಬಣ್ಣ ಬಳಿದು, ಹೊಸ ಶಾಲೆಯಲ್ಲಿ ಹೆಸರು ಬರೆಸಿ, ಬೆಳಿಗ್ಗೆಯಿಂದ ಬಾಗಿಲು ನೋಡುತ್ತಾ ಕೂತಿರುತ್ತಾಳೆ. ನಾನು ಮಣ್ಣಿನ ಮೇಲೇ ಕೂತು ಅವಳನ್ನು ಮಡಿಲಿಗೆ ಎಳೆದುಕೊಂಡೆ. ಇವರು ಬಾಗಿಲಲ್ಲಿ ಬಂದು ನಿಂತದ್ದು ಕಂಡಿತು.

“ಸಾಸಿವೆ, ಇಲ್ಲಿ ಕೇಳು. ನೀನೇನೂ ತಪ್ಪು ಮಾಡಿಲ್ಲ. ಚಿಕ್ಕಮ್ಮ ಇದ್ದಾಳಲ್ಲ, ನಿನ್ನನ್ನ ಹೆತ್ತಿದ್ದು ಅವಳು. ಅವಳಿಗೆ ಹುಷಾರಿರ್ಲಿಲ್ಲ, ಅದಕ್ಕೆ ನೀನು ನಮ್ಮ ಹತ್ರ ಇದ್ದೆ. ಈಗ ಹುಷಾರಾಗಿದ್ದಾಳೆ. ನಿನಗೋಸ್ಕರ ಕಾಯ್ತಿದ್ದಾಳೆ. ಅವಳೇ ನಿನ್ನಮ್ಮ.”

ಅವಳು ನನ್ನ ಮುಖವನ್ನೇ ನೋಡಿದಳು. “ಹಾಗಾದ್ರೆ ನೀನು?”

“ನಾನು ದೊಡ್ಡಮ್ಮ.”

“ಈಗಿಂದಾನಾ?”

“ಇಲ್ಲ ಕಂದ. ಮೊದಲಿಂದಲೂ.”

ಗಿಡದ ಕಡೆ ತಿರುಗಿದಳು. “ನಾನು ಎಲೆ ಕತ್ತರಿಸದೇ ಇದ್ದಿದ್ರೂ ಕಳಿಸ್ತಿದ್ಯಾ?”

“ಕಳಿಸ್ತಿದ್ದೆ.”

ಅಳುತ್ತಾಳೆ, ಹೊಡೆಯುತ್ತಾಳೆ, ನನ್ನ ಕೂದಲು ಹಿಡಿದು ಜಗ್ಗುತ್ತಾಳೆ ಎಂದುಕೊಂಡಿದ್ದೆ. ಜಗ್ಗಿದ್ದರೆ ಚೆನ್ನಾಗಿತ್ತು. ಅವಳು ಮಡಿಲಿನಿಂದ ಇಳಿದು, ಫ್ರಾಕಿಗೆ ಅಂಟಿದ ಮಣ್ಣನ್ನು ಕೊಡವಿಕೊಂಡು ಒಳಗೆ ಹೋದಳು. ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತು. ತಪ್ಪೇ ಇಲ್ಲವೆಂದ ಮೇಲೆ ಅವಳ ಕೈಯಲ್ಲಿ ಮಾಡಲು ಏನೂ ಉಳಿದಿರಲಿಲ್ಲ. ಇವರು ನನ್ನನ್ನು ಎಬ್ಬಿಸಲು ಬಂದರು. “ನೀವು ಅವತ್ತೇ ಹೇಳಿದ್ರಿ,” ಎಂದೆ. “ಹೇಳಿದ್ದೆ, ಆದ್ರೆ ಏನು ಮಾಡ್ಬೇಕು ಅಂತ ನನಗೂ ಗೊತ್ತಿರ್ಲಿಲ್ಲ ಕಣೇ,” ಎಂದು ಅಲ್ಲೇ ನನ್ನ ಪಕ್ಕದಲ್ಲಿ ಕೂತುಬಿಟ್ಟರು. ಆ ದಿನ ಇಬ್ಬರೂ ಕೆಲಸಕ್ಕೆ ಹೋಗಲಿಲ್ಲ.

ಶಾಲೆಗೆ ರಜೆ ಬಂದಾಗ ಅವಳು ಹೊರಟಳು. ತಂಗಿ ಬಂದು ಹಾಲ್‌ನಲ್ಲಿ ನಿಂತಿದ್ದಳು, ಕಳ್ಳತನಕ್ಕೆ ಬಂದವಳ ಹಾಗೆ ಮುಖ ಮಾಡಿಕೊಂಡು. ಬಟ್ಟೆ, ಪುಸ್ತಕ, ಗೊಂಬೆ ಎಲ್ಲ ಚೀಲ ಸೇರಿದ್ದವು. ಗಿಡಕ್ಕೆ ಆಗ ಎಲೆ ತುಂಬುತ್ತಿತ್ತು. ಅವಳು ಬದುಕಿಸಿದ ಗಿಡ, ಅವಳ ಜೊತೆಗೇ ಇರಲಿ ಎಂದು ನಾನು ಕುಂಡವೂ ಸಲಿಕೆಯೂ ಹಿಡಿದು ಹೊರಟೆ. ಸಾಸಿವೆ ಬಾಗಿಲಿಗೆ ಅಡ್ಡ ನಿಂತಳು.

“ಅದು ಇಲ್ಲೇ ಇರ್ಲಿ. ಅದನ್ನ ಯಾಕೆ ಕಳಿಸ್ತೀಯ? ಅದೇನು ತಪ್ಪು ಮಾಡಿದೆ?”

ತಂಗಿ ಬಾಯಿಗೆ ಕೈ ಒತ್ತಿಕೊಂಡಳು. ನಾನು ಸಲಿಕೆಯನ್ನು ಗೋಡೆಗೆ ಒರಗಿಸಿದೆ. ಟ್ಯಾಕ್ಸಿ ತಿರುವಿನಲ್ಲಿ ಮರೆಯಾಗುವ ತನಕ ಇವರು ಕೈ ಬೀಸಿದರು. ನಾನು ಬೀಸಲಿಲ್ಲ. ಕೈ ಎತ್ತಿದ್ದರೆ ಅವಳನ್ನು ವಾಪಸು ಕರೆದೇಬಿಡುತ್ತಿದ್ದೆ.

ಮೊದಲ ಸಲ ನೋಡಲು ಹೋದಾಗ ಅವಳು ಬಸ್‌ಸ್ಟಾಪಿನಲ್ಲಿ ನನ್ನ ಕಾಲಿಗೆ ಜೋತುಬಿದ್ದು ಬಿಡಲೇ ಇಲ್ಲ. ತಂಗಿ ಬಿಡಿಸಲು ಹೋದರೆ ಕಚ್ಚಿದಳು. ಇನ್ನು ಅವಳು ಅಲ್ಲಿಗೆ ಹೊಂದುವ ತನಕ ಹೋಗುವುದು ಬೇಡವೆಂದು ನಾನೇ ತೀರ್ಮಾನ ಮಾಡಿದೆ. ಯಾರ ಕಸುಬಿನ ಬುದ್ಧಿಯನ್ನೂ ಕೇಳಲಿಲ್ಲ ಈ ಸಲ. ಹೋಗದೆ ಇದ್ದ ಆ ತಿಂಗಳುಗಳನ್ನು ನಾನು ವರ್ಣಿಸುವುದಿಲ್ಲ. ಕೋಣೆಯಲ್ಲಿ ಹಲ್ಲು ಜೋಡಿಸುತ್ತಾ ಕೂತರೆ ಮೇಣದ ಮೇಲೆ ನೀರು ಬೀಳುತ್ತಿತ್ತು. ಡಾಕ್ಟರು ಎರಡು ಸೆಟ್ಟು ವಾಪಸು ಕಳಿಸಿದರು, ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ಕಡಿತ ಕೂಡುತ್ತಿಲ್ಲವೆಂದು. ಮನೆಯಲ್ಲಿ ಇವರು ಬಚ್ಚಲಿನ ನಲ್ಲಿಯನ್ನು ರಿಪೇರಿ ಮಾಡಿದರು. ಸದ್ದೇ ಇಲ್ಲದ ಮನೆಯಲ್ಲಿ ಅದು ತೊಟ್ಟಿಕ್ಕುವುದನ್ನು ಕೇಳಲಾಗುತ್ತಿರಲಿಲ್ಲವಂತೆ.

ಮತ್ತೊಂದು ಚಳಿ ಬಂದು ಹೋದ ಮೇಲೆ ತಂಗಿಯ ಫೋನು ಬಂತು. “ಅಕ್ಕಾ, ಅವಳು ಗಿಡ ಕೇಳ್ತಿದ್ದಾಳೆ. ಅರ್ಧ ಸಾಕಂತೆ, ಅರ್ಧ ನಿನಗಿರ್ಲಿ ಅಂದ್ಳು. ತಗೊಂಡು ಬರ್ತೀಯಾ?” ನಾನು ಸುಟ್ಟ ಸಕ್ಕರೆಯ ಗಿಡವನ್ನು ಬೇರುಸಹಿತ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ, ಮಗುವನ್ನು ಕೂರಿಸಿಕೊಂಡ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಇವರು ಬರಲಿಲ್ಲ. ಬಂದರೆ ಅಳುತ್ತೇನೆಂದು ಹೇಳಿಯೇ ಉಳಿದುಕೊಂಡರು.

ಸಾಸಿವೆ ಬಾಗಿಲು ತೆರೆದಳು. ಎತ್ತರವಾಗಿದ್ದಳು, ಮುಂದಿನದೊಂದು ಹಲ್ಲು ಬಿದ್ದಿತ್ತು. ಅದು ಬಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಓಡಿ ಬಂದು ತಬ್ಬಿಕೊಳ್ಳುತ್ತಾಳೆಂದು ಗಿಡವನ್ನು ಒಂದು ಕೈಗೆ ಬದಲಾಯಿಸಿಕೊಂಡಿದ್ದೆ. ಅವಳು ನಾಚಿಕೊಂಡು ನಕ್ಕಳು. “ಬನ್ನಿ ದೊಡ್ಡಮ್ಮ, ಕೂತ್ಕೊಳ್ಳಿ,” ಎಂದಳು. ತಂಗಿ ಒಳಗಿನಿಂದ ಬಂದು ಅವಳ ಹಣೆಯ ಮೇಲಿನ ಕೂದಲು ಸರಿಸಿದಳು, ಯೋಚಿಸದೆ, ಅಮ್ಮಂದಿರು ಸರಿಸುವ ಹಾಗೆ. ಒಳ್ಳೆ ಮನೆ. ಗೋಡೆಯ ಮೇಲೆ ಮಗುವಿನ ಚಿತ್ರಗಳು, ಎರಡು ತಟ್ಟೆ, ಎರಡು ಲೋಟ, ಎರಡು ಛತ್ರಿ. ಎಲ್ಲವೂ ಇಬ್ಬರಿಗೆ ಸರಿಯಾಗಿತ್ತು.

ಟೀ ಆದ ಮೇಲೆ ನಾವಿಬ್ಬರೂ ಹಿತ್ತಿಲಿಗೆ ಹೋದೆವು. ತಂಗಿ ಬೇಕೆಂದೇ ನಮ್ಮನ್ನು ಬಿಟ್ಟು ಅಡುಗೆಮನೆಯಲ್ಲಿ ಉಳಿದಳು. ಅಷ್ಟು ಸೂಕ್ಷ್ಮ ಅವಳಿಗಿದೆ. ಗೋಡೆಯ ನೆರಳಿನಲ್ಲಿ ಎರಡು ಕುಳಿ ತೋಡಿದ್ದಳು ಸಾಸಿವೆ, ಒಂದು ಸಾಕಿತ್ತು. ಗೋಣಿ ಬಿಚ್ಚಿ ಮಣ್ಣು ಉದುರಿಸಿದೆ. ಬೇರು ಇಬ್ಭಾಗವಾಗುವ ಜಾಗವನ್ನು ತೋರಿಸಿದೆ. ನಿಧಾನವಾಗಿ ಅವಳ ಮಾತು ಬಿಚ್ಚಿಕೊಂಡಿತು. ಶಾಲೆಯ ಕಥೆ, ಗೆಳತಿಯ ಕಥೆ, ಗೆಳತಿಯ ಬೆಕ್ಕಿನ ಕಥೆ. ಅವಳ ಉಸಿರು ನನ್ನ ಕೆನ್ನೆಗೆ ತಾಗುವಷ್ಟು ಹತ್ತಿರ ಕೂತಿದ್ದಳು. ನನ್ನ ಸಾಸಿವೆ ಎಲ್ಲಿಗೂ ಹೋಗಿಲ್ಲ, ಇಲ್ಲೇ ಇದ್ದಾಳೆ ಅನಿಸಿತು. ಎಷ್ಟೋ ದಿನಗಳ ಮೇಲೆ ಎದೆ ಹಗುರವಾಯಿತು.

“ನಾನೇ ಕತ್ತರಿಸ್ತೀನಿ,” ಎಂದಳು. ಚಿಕ್ಕ ಚಾಕು ಕೊಟ್ಟು, ನಾನು ಬೇರನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದೆ. ಒಳಗಿನ ಗಂಟು ಗಟ್ಟಿಯಿತ್ತು. ಅವಳು ಒತ್ತಿದಳು, ಚಾಕು ಜಾರಿತು, ಬೆರಳಲ್ಲಿ ರಕ್ತ ಚಿಮ್ಮಿತು.

“ಅಮ್ಮಾ!” ಎಂದು ಕೂಗಿದಳು.

ಗಿಡ ನನ್ನ ಕೈಯಿಂದ ಬಿದ್ದೇ ಹೋಯಿತು. “ಬಂದೆ ಕಂದ,” ಎಂದು ಎರಡೂ ತೋಳು ಚಾಚಿದೆ. ಅವಳು ಒಂದು ಗೇಣಿನ ದೂರದಲ್ಲಿದ್ದಳು. ಬೆರಳನ್ನು ಎತ್ತಿ ಹಿಡಿದುಕೊಂಡು ಎದ್ದಳು. ಅಡ್ಡವಿದ್ದ ನನ್ನ ತೋಳನ್ನು ತಪ್ಪಿಸಿಕೊಂಡು, ಅಳುತ್ತಾ, ಅಡುಗೆಮನೆಯ ಕಡೆ ಓಡಿದಳು.

ಒಳಗಿನಿಂದ ತಂಗಿಯ ದನಿ ಬಂತು. “ಏನಾಯ್ತು ಬಂಗಾರ? ತೋರಿಸು, ತೋರಿಸು.” ಆಮೇಲೆ ನಲ್ಲಿಯ ಸದ್ದು. ಆಮೇಲೆ ಬಿಕ್ಕುವುದು ಕಡಿಮೆಯಾದ ಸದ್ದು. ನಾನು ಚಾಚಿದ ತೋಳು ಚಾಚಿದ ಹಾಗೇ ಕೂತಿದ್ದೆ. ನೋವಾದಾಗ ಯಾರ ಹತ್ತಿರ ಓಡುತ್ತಾರೋ ಅವರೇ ಅಮ್ಮ, ಇದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಾನು ಬೇಡಿಕೊಂಡದ್ದೂ ಇದನ್ನೇ, ಅವಳು ಅಲ್ಲಿಗೆ ಹೊಂದಲಿ ಎಂದು. ಬೇಡಿಕೊಂಡದ್ದು ಸಿಕ್ಕಿತ್ತು.

ಬೇರು ಗಾಳಿಗೆ ಒಣಗುತ್ತಿತ್ತು. ಗಿಡವನ್ನು ಎತ್ತಿಕೊಂಡು ಉಳಿದ ಗಂಟನ್ನು ನಾನೇ ಕತ್ತರಿಸಿದೆ. ಅವಳ ಪಾಲನ್ನು ಕುಳಿಯಲ್ಲಿಟ್ಟು ಮಣ್ಣು ಮುಚ್ಚಿದೆ, ನನ್ನ ಪಾಲನ್ನು ಗೋಣಿಯಲ್ಲಿ ಸುತ್ತಿದೆ. ಕಣ್ಣು ಒರೆಸಿಕೊಳ್ಳಲು ಕೈಯಲ್ಲಿ ಮಣ್ಣಿತ್ತು, ಹಾಗೇ ಬಿಟ್ಟೆ.

ಸ್ವಲ್ಪ ಹೊತ್ತಿಗೆ ಸಾಸಿವೆ ಬ್ಯಾಂಡೇಜಿನ ಬೆರಳನ್ನು ಮುಂದೆ ಚಾಚಿಕೊಂಡು ಬಂದಳು. ಕೆನ್ನೆ ಇನ್ನೂ ಒದ್ದೆಯಿತ್ತು, ಬಾಯಿ ಮಾತ್ರ ನಗುತ್ತಿತ್ತು. “ನೋಡಿ ದೊಡ್ಡಮ್ಮ. ಅಮ್ಮ ಊದಿದ್ಳು, ಈಗ ನೋವೇ ಇಲ್ಲ.”

“ಅಮ್ಮ ಊದಿದ್ರೆ ಹೋಗ್ಲೇಬೇಕಲ್ಲ,” ಎಂದೆ.

ಅವಳು ಹೌದೆಂದು ತಲೆಯಾಡಿಸಿ, ಗಿಡಕ್ಕೆ ಹಾಕಲು ನೀರು ತರಲು ಒಳಗೆ ಹೋದಳು.